ಕೆಂಪು ಮಡಕೆಯ ಮೇಲೆ ಕಪ್ಪು ಯೋಧ: ಹಳೆಯ ಅಥೆನ್ಸಿನ ರೀತಿಯಲ್ಲಿ ಮಾಡುವ ಬಗೆ

ಈ ಮಡಕೆಗಳ ಮೇಲೆ ಕಪ್ಪು ಬಣ್ಣ ಅಂತ ಒಂದಿಲ್ಲ. ಕ್ರಿ.ಪೂ. 6ನೇ ಶತಮಾನದಲ್ಲಿ ಅಥೆನ್ಸಿನ ಕುಂಬಾರಗೇರಿ ಕೆರಮೈಕೋಸ್‌ನಲ್ಲಿ ಸುಟ್ಟ ಪಾತ್ರೆಯೊಂದನ್ನು ನೋಡಿ. ಈಟಿ ಹಿಡಿದ ಕಪ್ಪು ಯೋಧನೂ ಅವನ ಹಿಂದಿನ ಕಿತ್ತಳೆಗೆಂಪು ಮೈಯೂ ಒಂದೇ ಬಗೆಯ ಮಣ್ಣು. ಯೋಧನನ್ನು ಬರೆದಿರುವುದು ಆ ಮಣ್ಣನ್ನೇ ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು ತೆಗೆದ ಅತಿ ನುಣ್ಣನೆಯ ಕೆನೆಯಿಂದ. ಬರೆಯುವಾಗ ಅದು ಕಪ್ಪಲ್ಲ, ಮಾಸಲು ಕಂದು. ಅದು ಕಪ್ಪಾಗುವುದು ಬೆಂಕಿಯಲ್ಲಿ, ಅದೂ ಬೆಂಕಿಯ ಒಂದು ನಿರ್ದಿಷ್ಟ ಹಂತದಲ್ಲಿ. ಈ ವಿದ್ಯೆ ಮರೆತುಹೋಗಿ ಶತಮಾನಗಳೇ ಕಳೆದಿದ್ದವು. 1942ರಲ್ಲಿ ಜರ್ಮನಿಯ ಥಿಯೋಡೋರ್ ಶೂಮಾನ್ ಪ್ರಯೋಗ ಮಾಡಿ ತೋರಿಸಿದ ಮೇಲೆ ದಾರಿ ಮತ್ತೆ ತೆರೆಯಿತು.

ಹೊಸಬರು ಚಿತ್ರಕ್ಕೆ ಒಂದು ವಾರ ಕೊಟ್ಟು ಸುಡುವುದಕ್ಕೆ ಒಂದು ಮಧ್ಯಾಹ್ನ ಇಟ್ಟುಕೊಳ್ಳುತ್ತಾರೆ. ಈ ಲೆಕ್ಕ ತಿರುವುಮುರುವಾಗಬೇಕು. ಮೊದಲು ಅಂಗೈಯಗಲದ ಇಪ್ಪತ್ತು ಬಿಲ್ಲೆಗಳ ಮೇಲೆ ಕಪ್ಪು ಬರಿಸಿ, ಯೋಧ ಆಮೇಲೆ ಬರಲಿ.

ಇಲ್ಲಿ ಹೇಳುತ್ತಿರುವುದು ಸುಮಾರು 25 ಸೆಂ.ಮೀ. ಎತ್ತರದ, ಎರಡು ಕಿವಿಗಳ ಒಂದು ಆಂಫೊರಾ, ಅದರ ಹೊಟ್ಟೆಯ ಮೇಲೆ ಎದುರುಬದುರು ನಿಂತ ಇಬ್ಬರು ಯೋಧರು. ಶೈಲಿ ಕಪ್ಪು ಆಕೃತಿಯದು: ನೆರಳಿನಂತೆ ಕಪ್ಪು ತುಂಬಿ, ಒಳಗಿನ ವಿವರವನ್ನು ಸೂಜಿಯಿಂದ ಗೀರುವುದು. ಕ್ರಿ.ಪೂ. 700ರ ಸುಮಾರಿಗೆ ಗ್ರೀಸಿನ ಇನ್ನೊಂದು ನಗರ ಕೊರಿಂತ್‌ನಲ್ಲಿ ಹುಟ್ಟಿದ ಈ ಶೈಲಿ ಅಥೆನ್ಸಿಗೆ ಬಂದು ಅಲ್ಲಿ ಉತ್ತುಂಗಕ್ಕೇರಿತು. ಕ್ರಿ.ಪೂ. 525ರ ಆಸುಪಾಸಿನಲ್ಲಿ ಅದನ್ನು ತಲೆಕೆಳಗು ಮಾಡಿದ ಕೆಂಪು ಆಕೃತಿ ಬಂತು, ಅಂದರೆ ಹಿನ್ನೆಲೆ ಕಪ್ಪು, ಮನುಷ್ಯ ಕೆಂಪು. ಕಲಿಯುವವರಿಗೆ ಮೊದಲನೆಯದೇ ಸರಿ. ಕೆಂಪು ಆಕೃತಿಯಲ್ಲಿ ಉಬ್ಬಿ ನಿಲ್ಲುವ ಉದ್ದದ ಗೆರೆಯನ್ನು ಒಂದೇ ಉಸಿರಿಗೆ ಎಳೆಯಬೇಕು, ಆ ಕೈ ಬರಲು ವರ್ಷಗಳೇ ಬೇಕು.

ಮಣ್ಣು

ಸುಟ್ಟರೆ ಚೆನ್ನಾಗಿ ಕೆಂಪಾಗುವ, ಕಬ್ಬಿಣದ ಅಂಶವಿರುವ ಜೇಡಿಮಣ್ಣು ಬೇಕು. ಹೆಂಚಿಗೆ ಒದಗುವ ಮಣ್ಣು, ಕುಂಬಾರರ ಕೆರೆಮಣ್ಣು ಎರಡನ್ನೂ ಪರೀಕ್ಷಿಸಬಹುದು. ಅಥೆನ್ಸಿನ ಮಣ್ಣಿನ ಹೆಚ್ಚುಗಾರಿಕೆ ಅದರಲ್ಲಿದ್ದ ಇಲ್ಲೈಟ್ ಎಂಬ ಖನಿಜ. ಅದರೊಳಗಿನ ಪೊಟ್ಯಾಸಿಯಂ ಮಣ್ಣಿನ ಕೆನೆಯನ್ನು ಕಡಿಮೆ ಶಾಖದಲ್ಲೇ ಕರಗಿಸಿ ಬೆಸೆಯುತ್ತದೆ. ಕಣಗಳು ಹಾಳೆಯಂತೆ ಚಪ್ಪಟೆಯಾದ್ದರಿಂದ ಒಂದರ ಮೇಲೊಂದು ಮಲಗಿ ಹೊಳಪು ಕೊಡುತ್ತವೆ. ಚೀನೀಮಣ್ಣಿನ ಜಾತಿಯ ಮಣ್ಣಿನಿಂದ ಎಷ್ಟು ಸೋಸಿದರೂ ಮಂಕು ಕೆನೆಯೇ ಬರುತ್ತದೆ. ಅಂಥದ್ದಕ್ಕೆ ಶ್ರಮ ಹಾಕಬೇಡಿ.

ಒಣಗಿದ ಹೆಂಟೆಯ ಮೇಲೆ ನಾಲ್ಕು ಹನಿ ವಿನಿಗರ್ ಬಿಡಿ. ಬುಸುಬುಸು ನೊರೆ ಬಂದರೆ ಸುಣ್ಣವಿದೆ. ನುಣ್ಣಗೆ ಬೆರೆತ ಸುಣ್ಣದಿಂದ ಪಾತ್ರೆಗೆ ತೊಂದರೆಯಿಲ್ಲ, ಅಥೆನ್ಸಿನ ಪಾತ್ರೆಗಳ ಮೈಯಲ್ಲೂ ಅದಿತ್ತು. ಕೆಡಿಸುವುದು ಹರಳುಗಳು. ಬೆಂಕಿಯಲ್ಲಿ ಸುಟ್ಟಸುಣ್ಣವಾದ ಹರಳು ಪಾತ್ರೆ ಹೊರಬಂದ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ವಾರ ಕಳೆದ ಮೇಲೆ ಯೋಧನ ಮುಖದಲ್ಲೇ ಚಕ್ಕೆ ಹಾರುತ್ತದೆ. ಮಣ್ಣನ್ನು ನೀರಿನಲ್ಲಿ ಕಲಸಿ 80 ಮೆಶ್ ಜರಡಿಯಲ್ಲಿ ಸೋಸಿಕೊಂಡರೆ ಈ ಕಾಟ ತಪ್ಪುತ್ತದೆ.

ಕೆನೆ ತೆಗೆಯುವುದು

ಬೇಕಾದದ್ದು ಇಷ್ಟು: ಒಣ ಮಣ್ಣಿನ ಪುಡಿ 1 ಕೆ.ಜಿ., ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು 2 ಲೀಟರ್, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ 5 ಗ್ರಾಂ. ಕೊನೆಯದು ಸಿಗದಿದ್ದರೆ ಅಷ್ಟೇ ಸೋಡಿಯಂ ಸಿಲಿಕೇಟ್ ಆದೀತು. ಇದರ ಕೆಲಸ ಮಣ್ಣಿನ ಕಣಗಳು ಒಂದಕ್ಕೊಂದು ಅಂಟದಂತೆ ದೂರ ಇಡುವುದು. ದೂರವಿದ್ದರೆ ದಪ್ಪ ಕಣ ಬೇಗ ಮುಳುಗುತ್ತದೆ, ನುಣುಪಾದದ್ದು ತೇಲುತ್ತಲೇ ಇರುತ್ತದೆ.

ಮೊದಲು ಬಿಸಿನೀರಿನಲ್ಲಿ ರಾಸಾಯನಿಕವನ್ನು ಕರಗಿಸಿ, ಆಮೇಲೆ ಮಣ್ಣು ಹಾಕಿ ಹತ್ತು ನಿಮಿಷ ಕದಡಿ. ಒಳಗಿರುವುದು ಕಾಣುವಂಥ ಎತ್ತರದ ಗಾಜಿನ ಭರಣಿಗೆ ಸುರಿದು ಅಲುಗಾಡದ ಕಡೆ ಇಡಿ. 24 ಗಂಟೆಯಲ್ಲಿ ಮೂರು ಪದರ ಕಾಣಬೇಕು: ಮೇಲೆ ನೀರು, ನಡುವೆ ಗೋಪಿಚಂದನದ ನೀರಿನಂಥ ಕೆನೆ, ತಳದಲ್ಲಿ ಗಟ್ಟಿ ಮಡ್ಡಿ. ಸಣ್ಣ ರಬ್ಬರ್ ಕೊಳವೆಯಿಂದ ಮೊದಲು ಮೇಲಿನ ನೀರನ್ನು ಹೊರಹಾಕಿ, ಆಮೇಲೆ ನಡುವಿನ ಪದರವನ್ನು ಮಾತ್ರ ಇನ್ನೊಂದು ಪಾತ್ರೆಗೆ ಎಳೆದುಕೊಳ್ಳಿ. ಮಡ್ಡಿ ಹತ್ತಿರ ಬರುತ್ತಿದ್ದಂತೆ ನಿಲ್ಲಿಸಿ. ಇನ್ನೊಂದು ಲೋಟ ಸಿಗಲಿ ಎಂಬ ಆಸೆಗೆ ಮಡ್ಡಿ ಎಳೆದುಕೊಂಡರೆ ಎಲ್ಲವೂ ಮಂಕಾಗುತ್ತದೆ. ತೆಗೆದದ್ದಕ್ಕೆ ಅಷ್ಟೇ ಶುದ್ಧ ನೀರು ಸೇರಿಸಿ ಇನ್ನೂ 48 ಗಂಟೆ ಬಿಟ್ಟು, ಮೇಲಿನ ಅರ್ಧವನ್ನಷ್ಟೇ ಇಟ್ಟುಕೊಳ್ಳಿ. ಒಂದು ಕಿಲೋ ಮಣ್ಣಿನಲ್ಲಿ ಹತ್ತರಲ್ಲೊಂದು ಪಾಲೂ ಕೈಗೆ ಬರದೆ ಇರಬಹುದು. ಹತ್ತಾರು ಪಾತ್ರೆಗೆ ಅಷ್ಟು ಸಾಕು.

ಇದನ್ನು ಅಗಲವಾದ ತಟ್ಟೆಗಳಲ್ಲಿ ಹಾಕಿ ನೆರಳಿನಲ್ಲಿ ಆರಿಸಿ. ಕುದಿಸಬೇಡಿ, ತಳದಲ್ಲಿ ಚಕ್ಕೆ ಕಟ್ಟುತ್ತದೆ. ಹಾಲಿನ ಕೆನೆಯಷ್ಟು ಮಂದವಾದಾಗ ಹದ ಬಂದಂತೆ. ಒಣಗಿದ, ಇನ್ನೂ ಸುಡದ ಬಿಲ್ಲೆಯ ಮೇಲೆ ಒಂದು ಎಳೆ ಬಳಿದು, ಆರಿದ ಮೇಲೆ ಬೆರಳಿನಿಂದ ಮೆಲ್ಲಗೆ ಉಜ್ಜಿ. ಉಜ್ಜಿದ ಜಾಗ ತಟ್ಟನೆ ಮಿಂಚಿದರೆ ಕೆನೆ ಸರಿಯಿದೆ, ಪುಡಿ ಅಂಟಿದರೆ ಇನ್ನೊಂದು ಸಲ ತಿಳಿಯಾಗಲು ಬಿಡಿ.

ಇಲ್ಲಿ ಎಲ್ಲರೂ ಎಡವುವುದು ನೀರಿನಲ್ಲಿ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಅದರ ಕ್ಯಾಲ್ಸಿಯಂ ಕಣಗಳನ್ನು ಗುಂಪುಗೂಡಿಸಿ ಒಂದೇ ಗಂಟೆಯಲ್ಲಿ ಎಲ್ಲವನ್ನೂ ತಳಕ್ಕೆ ಇಳಿಸುತ್ತದೆ. ಮೇಲೆ ತಿಳಿನೀರು, ಕೆಳಗೆ ಮಣ್ಣು, ನಡುವೆ ಏನೂ ಇಲ್ಲ.

ಪಾತ್ರೆ

ತಿಗರಿಯ ಮೇಲೆ ಎತ್ತುವ ಕೆಲಸ ಗೊತ್ತಿರುವವರಿಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಗೋಡೆ 5-6 ಮಿ.ಮೀ. ಇರಲಿ. ದೊಡ್ಡ ಪಾತ್ರೆಗಳಲ್ಲಿ ಗ್ರೀಕರು ಹೊಟ್ಟೆ, ಕತ್ತು, ಪಾದ ಬೇರೆಬೇರೆ ಎತ್ತಿ ಮಣ್ಣಿನ ಗಂಜಿಯಿಂದ ಬೆಸೆಯುತ್ತಿದ್ದರು, ಕಿವಿಗಳನ್ನು ಕೊನೆಗೆ ಹಚ್ಚುತ್ತಿದ್ದರು. ಅರೆ ಒಣಗಿ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಗಟ್ಟಿಯಾದಾಗ ತಿಗರಿಗೆ ಮತ್ತೆ ಏರಿಸಿ ಹೆರೆಯಿರಿ. ಕೆಮ್ಮಣ್ಣಿನ ತೆಳು ನೀರನ್ನು, ನಮ್ಮ ಜಾಜಿನಂಥದ್ದನ್ನು, ಒಂದು ಸುತ್ತು ಬಳಿದು ನುಣುಪಾದ ಹೊಳೆಗಲ್ಲಿನಿಂದ ತಿಕ್ಕಿ ಮೆರುಗು ಕೊಡಿ. ತಿಕ್ಕುವುದನ್ನು ಬಿಡಬೇಡಿ. ಕೆನೆಯ ಪದರ ಕೂದಲಿಗಿಂತ ತೆಳು, ಕೆಳಗಿನ ಮೈ ಒರಟಾಗಿದ್ದರೆ ಮೇಲಿನ ಕಪ್ಪೂ ಒರಟೇ.

ಯೋಧನನ್ನು ಕೂರಿಸುವುದು

ಮೊದಲು ಅಳತೆ. ಹಾಪ್ಲೈಟ್ ಎಂಬ ಗ್ರೀಕ್ ಕಾಲಾಳಿನ ದುಂಡು ಗುರಾಣಿ ಸುಮಾರು 90 ಸೆಂ.ಮೀ. ಅಗಲ, ಈಟಿ ಎರಡರಿಂದ ಎರಡೂವರೆ ಮೀಟರ್. ನಿಮ್ಮ ಯೋಧ 10 ಸೆಂ.ಮೀ. ಎತ್ತರವಿದ್ದರೆ ಗುರಾಣಿ ಹೆಚ್ಚುಕಡಿಮೆ ಐದೂವರೆ ಸೆಂ.ಮೀ., ಈಟಿ 13-14 ಸೆಂ.ಮೀ. ಗದ್ದದಿಂದ ಮೊಣಕಾಲಿನ ಹತ್ತಿರದವರೆಗೆ ಮುಚ್ಚುವ ಗುರಾಣಿ ಅದು. ಹೊಸಬರು ತಟ್ಟೆಯಷ್ಟು ಚಿಕ್ಕದಾಗಿ ಬರೆದು ಚಿತ್ರ ಕೆಡಿಸುತ್ತಾರೆ.

ಮೊಂಡು ಕಡ್ಡಿಯಿಂದ ಹಸಿ ಮೈಮೇಲೆ ಲಘುವಾಗಿ ರೇಖೆ ಹಾಕಿಕೊಳ್ಳಿ. ಹಳೆಯ ಪಾತ್ರೆಗಳನ್ನು ಓರೆ ಬೆಳಕಿನಲ್ಲಿ ಹಿಡಿದರೆ ಇಂಥ ತಗ್ಗು ಗೆರೆಗಳು ಇಂದೂ ಕಾಣುತ್ತವೆ, ಕಲಾವಿದ ಮನಸ್ಸು ಬದಲಿಸಿ ಕಾಲನ್ನು ಸರಿಸಿದ್ದೂ ತಿಳಿಯುತ್ತದೆ. ಗುರಾಣಿಯನ್ನು ಮಾತ್ರ ಕೈವಾರದಿಂದ ಹಾಕಿ. ಅವರೂ ಹಾಗೇ ಮಾಡುತ್ತಿದ್ದರು, ಎಷ್ಟೋ ಗುರಾಣಿಗಳ ನಟ್ಟನಡುವೆ ಕೈವಾರದ ಮೊನೆ ಚುಚ್ಚಿದ ಚುಕ್ಕೆ ಉಳಿದಿದೆ.

ಇನ್ನು ದಿಕ್ಕು. ಗುರಾಣಿ ಯಾವಾಗಲೂ ಎಡಗೈಯಲ್ಲಿ. ಹಾಗಾಗಿ ನೋಡುಗರ ಬಲಕ್ಕೆ ಮುಖಮಾಡಿದ ಯೋಧನ ಗುರಾಣಿ ಅವನ ಮೈಯಾಚೆ ಇರುತ್ತದೆ, ನಮಗೆ ಕಾಣುವುದು ಅದರ ಒಳಮೈ. ಅಲ್ಲಿ ಮೊಣಕೈ ತೂರಿಸುವ ನಡುವಿನ ಪಟ್ಟಿ, ಅಂಚಿನಲ್ಲಿ ಮುಷ್ಟಿಯ ಹಿಡಿ ಎರಡನ್ನೂ ತೋರಿಸಬೇಕು. ಎಡಕ್ಕೆ ಮುಖಮಾಡಿದವನ ಗುರಾಣಿ ಹೊರಮೈಯನ್ನು ತೋರುತ್ತದೆ, ಲಾಂಛನ ಬರೆಯಬೇಕಾದದ್ದು ಅಲ್ಲೇ. ಕ್ರಿ.ಪೂ. 650-640ರ, ಕೀಜಿ ಹೂಜಿ ಎಂದೇ ಹೆಸರಾದ ಕೊರಿಂತಿನ ಪಾತ್ರೆಯಲ್ಲಿ ಇದು ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟ. ರೋಮಿನ ವಿಲ್ಲಾ ಜೂಲಿಯಾ ವಸ್ತುಸಂಗ್ರಹಾಲಯದಲ್ಲಿರುವ ಆ 26 ಸೆಂ.ಮೀ. ಹೂಜಿಯ ಮೇಲೆ ಎರಡು ಸಾಲು ಪಡೆಗಳು ಎದುರಾಗುತ್ತವೆ, ಕೊಳಲೂದುವವನೊಬ್ಬ ಹೆಜ್ಜೆಯ ತಾಳ ಕೊಡುತ್ತಾನೆ. ಎಡಗಡೆಯ ಪಡೆಯದೆಲ್ಲ ಗುರಾಣಿಯ ಬೆನ್ನು, ಬಲಗಡೆಯದೆಲ್ಲ ಲಾಂಛನ. ಗೆಲ್ಲುವವನು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ನುಗ್ಗುತ್ತಾನೆ ಎಂಬುದನ್ನೂ ಸೇರಿಸಿಕೊಂಡರೆ, ಸೋಲುವವನಿಗೇ ಚೆಂದದ ಲಾಂಛನ ಸಿಗುವುದು ಹೇಗೆಂದು ಗೊತ್ತಾಗುತ್ತದೆ. ಲಾಂಛನಕ್ಕೆ ಹಾವು, ಗೂಳಿಯ ತಲೆ, ಮುಕ್ಕಾಲಿ, ಒಂದೇ ನಡುವಿನಿಂದ ಹೊರಟ ಮೂರು ಕಾಲುಗಳು, ನಾಲಗೆ ಚಾಚಿದ ಗೋರ್ಗಾನ್ ಎಂಬ ರಾಕ್ಷಸಿಯ ಮುಖ, ಯಾವುದಾದರೂ ನಡೆಯುತ್ತದೆ. ಎರಡೂ ಪಕ್ಕ ಕಚ್ಚಿದಂತೆ ತಗ್ಗಿರುವ ಗುರಾಣಿ ಬರೆದರೆ ಅವನು ಬರೀ ಸಿಪಾಯಿಯಲ್ಲ, ಪುರಾಣದ ವೀರ ಎಂದು ಸೂಚನೆ.

ಉಡುಪಿನಲ್ಲಿ ತಪ್ಪಬಾರದ್ದು ಮೂರು. ಕೊರಿಂತ್ ಶಿರಸ್ತ್ರಾಣ ಕೆನ್ನೆ, ಮೂಗು ಎಲ್ಲ ಮುಚ್ಚಿ ಕಣ್ಣಿಗೆ ಬಾದಾಮಿಯಾಕಾರದ ಸಂದು ಬಿಡುತ್ತದೆ, ಮೇಲೆ ಕುದುರೆ ಕೂದಲಿನ ಜುಟ್ಟು. ಮೊಣಕಾಲಿನಿಂದ ಕೆಳಗೆ ಕಂಚಿನ ಕಾಲುಗಾಪು. ಈಟಿಗೆ ಎರಡು ತುದಿ: ಮುಂದೆ ಅಲಗು, ಹಿಂದೆ ನೆಲಕ್ಕೆ ಊರುವ ಮೊಳೆ. ಚೂಪು ಟೋಪಿ, ಷರಾಯಿ ತೊಟ್ಟು ಬಿಲ್ಲು ಹಿಡಿದವನನ್ನು ಬರೆದರೆ ಅವನು ಗ್ರೀಕ್ ಕಾಲಾಳಲ್ಲ, ಸಿಥಿಯನ್ ಎಂಬ ಅಲೆಮಾರಿ ಜನರ ಬಿಲ್ಲುಗಾರನಾಗುತ್ತಾನೆ.

ಈಗ ಕೆನೆ. ಮೊದಲು ಆಕೃತಿಯ ಅಂಚನ್ನು ಸಣ್ಣ ಕುಂಚದಿಂದ ಕಟ್ಟಿ, ಒಳಗನ್ನು ಅಗಲ ಕುಂಚದಿಂದ ತುಂಬಿ. ಆರಿದ ಮೇಲೆ ಇನ್ನೊಂದು ಕೈ. ಒಂದೇ ಕೈಗೆ ಬಿಟ್ಟರೆ ಸುಟ್ಟಾಗ ಕಪ್ಪಿನ ಬದಲು ಬೆಲ್ಲದ ಬಣ್ಣ. ಮೂರು-ನಾಲ್ಕು ಕೈ ಬಳಿದರೆ ಒಣಗುವಾಗ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಬಳಿಯುವ ಮುಂಚೆ ಬೆರಳ ಜಿಡ್ಡು ತಾಗಿದ ಕಡೆಯೂ ಹೀಗೇ, ಆದ್ದರಿಂದ ಪಾತ್ರೆಯನ್ನು ಬಾಯಿ ಮತ್ತು ಪಾದದಲ್ಲೇ ಹಿಡಿಯಿರಿ.

ಗೀರಲು ಮರದ ಹಿಡಿಗೆ ಕೂರಿಸಿದ ದಪ್ಪ ಸೂಜಿ ಸಾಕು. ಕೆನೆಯ ಮಿನುಗು ಅಡಗಿ ಮಂಕಾದ ಕೆಲವು ನಿಮಿಷಗಳಲ್ಲಿ, ಕೆಳಗಿನ ಮಣ್ಣಿನಲ್ಲಿ ಇನ್ನೂ ತೇವವಿರುವಾಗ ಗೀರಬೇಕು. ಹಸಿಯಿದ್ದರೆ ಗೆರೆಯ ಎರಡೂ ಬದಿ ದಿಬ್ಬ ಏಳುತ್ತದೆ, ಪೂರ್ತಿ ಒಣಗಿದ್ದರೆ ಅಂಚು ಉದುರಿ ಗರಗಸದಂತಾಗುತ್ತದೆ. ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಒಂದೊಂದೇ ಭಾಗ ತೆರೆದು ಕೆಲಸ ಮಾಡಿದರೆ ಹದ ಕೈತಪ್ಪುವುದಿಲ್ಲ. ಎದ್ದ ಪುಡಿಯನ್ನು ಒಣಗಿದ ಮೇಲೆ ಮೃದು ಕುಂಚದಿಂದ ತೆಗೆಯಿರಿ, ಹಸಿಯಲ್ಲಿ ಬೆರಳಿನಿಂದ ಒರೆಸಬೇಡಿ.

ಎಷ್ಟು ಗೀರಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಗುರು ಅಥೆನ್ಸಿನ ಕುಂಬಾರ-ಚಿತ್ರಕಾರ ಎಕ್ಸೆಕಿಯಾಸ್. ವ್ಯಾಟಿಕನ್ನಿನಲ್ಲಿರುವ, ಕ್ರಿ.ಪೂ. 540-530ರ ಅವನ 61 ಸೆಂ.ಮೀ. ಆಂಫೊರಾದ ಮೇಲೆ ಗ್ರೀಕ್ ವೀರರಾದ ಅಕಿಲೀಸ್ ಮತ್ತು ಏಜಾಕ್ಸ್ ಟ್ರಾಯ್ ಯುದ್ಧದ ನಡುವೆ ಆಟದ ಮಣೆಗೆ ಬಾಗಿ ಕೂತಿದ್ದಾರೆ. ಈಟಿಗಳು ಇನ್ನೂ ಕೈಯಲ್ಲೇ ಇವೆ. ಎಡಗಡೆಯ ಅಕಿಲೀಸ್ ಶಿರಸ್ತ್ರಾಣ ತೆಗೆದಿಲ್ಲ, ಏಜಾಕ್ಸ್‌ನದು ಅವನ ಬೆನ್ನ ಹಿಂದೆ ಗುರಾಣಿಯ ಮೇಲಿದೆ. ಅಕಿಲೀಸ್‌ನ ಬಾಯಿಂದ ‘ಟೆಸರಾ’, ಅಂದರೆ ನಾಲ್ಕು, ಏಜಾಕ್ಸ್‌ನ ಬಾಯಿಂದ ‘ಟ್ರಿಯಾ’, ಮೂರು ಎಂಬ ಅಕ್ಷರಗಳು ಹೊರಡುತ್ತವೆ. ಮೇಲಂಗಿಗಳ ಮೇಲೆ ಗೀರಿದ ಹೂಬಳ್ಳಿ ನೇಯ್ಗೆಯ ಎಳೆಯಷ್ಟು ಸಣ್ಣ, ಆದರೆ ಬರಿಮೈಯಾಗಿ ಕಾಣುವ ತೊಡೆ-ಮೀನಖಂಡಗಳಲ್ಲಿ ನಾಲ್ಕಾರು ಗೆರೆಗಳಷ್ಟೇ, ಉಳಿದದ್ದು ಮೌನ ಕಪ್ಪು. ಮೈತುಂಬ ಗೀರುವವರು ಈ ಚಿತ್ರವನ್ನು ಒಂದು ಗಂಟೆ ನೋಡಿ ಕೂರಬೇಕು.

ಗೀರಿದ ಮೇಲೆ ಮೇಲುಬಣ್ಣ. ಜುಟ್ಟು, ಗಡ್ಡ, ಮೇಲಂಗಿಯ ಪಟ್ಟಿಗಳಿಗೆ ಜಾಜು ಬೆರೆಸಿದ ಮಣ್ಣಿನ ಕಡುಗೆಂಪು. ಲಾಂಛನಕ್ಕೂ ಹೆಂಗಸರ ಮೈಗೂ ಸೇಡಿಯಂಥ ನುಣ್ಣನೆಯ ಬಿಳಿಮಣ್ಣು. ಗಂಡಸಿನ ಚರ್ಮ ಕಪ್ಪು, ಹೆಣ್ಣಿನದು ಬಿಳಿ ಎಂಬುದು ಈ ಶೈಲಿಯ ಕಟ್ಟಳೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಎಕ್ಸೆಕಿಯಾಸ್‌ನದೇ ಪಾತ್ರೆಯಲ್ಲಿ ಅಕಿಲೀಸ್ ಈಟಿಯಿಂದ ತಿವಿಯುತ್ತಿರುವ ಅಮೆಜಾನ್ ಎಂಬ ಪುರಾಣದ ಯೋಧೆಯರ ರಾಣಿ ಪೆಂಥೆಸಿಲಿಯಾಳ ಮುಖ ಬಿಳಿ, ಗಾಯದಿಂದ ಚಿಮ್ಮುವ ರಕ್ತ ಕೆಂಪು. ಬಿಳಿಯದ್ದು ಕರಗಿ ಬೆಸೆಯುವುದಿಲ್ಲವಾದ್ದರಿಂದ ಬೇಗ ಉದುರುತ್ತದೆ. ಬಳಿಯುವಾಗ ಎಂಟಕ್ಕೊಂದು ಪಾಲು ಕಪ್ಪಿನ ಕೆನೆಯನ್ನೇ ಬೆರೆಸಿದರೆ ಸ್ವಲ್ಪ ಹಳದಿಯಾದರೂ ಹಿಡಿದು ಕೂರುತ್ತದೆ.

ಸುಡುವುದು

ಒಂದೇ ಸುಡುವಿಕೆ, ಮೂರು ಹಂತ: ಉಸಿರಾಡುವ ಬೆಂಕಿ, ಉಸಿರು ಕಟ್ಟಿದ ಬೆಂಕಿ, ಮತ್ತೆ ಉಸಿರು. ಸೌದೆಯ ಅಥವಾ ಗ್ಯಾಸಿನ ಆವಿಗೆ ಬೇಕು. ವಿದ್ಯುತ್ ಕುಲುಮೆಯಲ್ಲಿ ಉಸಿರು ಕಟ್ಟಿಸಿದರೆ ತಂತಿಗಳು ಬೇಗ ಸವೆಯುತ್ತವೆ. ಎರಡನೇ ಹಂತದಲ್ಲಿ ಹೊರಡುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಆಳನ್ನು ಕೊಲ್ಲುತ್ತದೆ. ಬಯಲಿನಲ್ಲೇ ಸುಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಆವಿಗೆ ತುಂಬುವಾಗ ಪಾತ್ರೆಗಳ ಜೊತೆಗೆ ನಡುವೆ ತೂತಿರುವ, ಕೆನೆ ಬಳಿದ ಏಳೆಂಟು ಬಿಲ್ಲೆಗಳನ್ನು ಇಣುಕುಗಂಡಿಯ ಹತ್ತಿರ ಇಡಿ. ಕಬ್ಬಿಣದ ಕೊಕ್ಕೆಯಿಂದ ಒಂದೊಂದೇ ಎಳೆದು ನೋಡಲು ಇವು. ಗ್ರೀಕ್ ಕುಂಬಾರರು ಕೆಟ್ಟ ಹಸಿ ಪಾತ್ರೆಗಳನ್ನು ಕತ್ತರಿಸಿ ಇಂಥವನ್ನೇ ಬಳಸುತ್ತಿದ್ದರು, ಅಗೆತಗಳಲ್ಲಿ ಸಿಕ್ಕಿವೆ.

ಮೊದಲ ಹಂತ: 120 ಡಿಗ್ರಿಯಲ್ಲಿ ಮೂರು ಗಂಟೆ ತೇವ ಬಿಡಿಸಿ. ಆಮೇಲೆ ಗಂಟೆಗೆ 100 ಡಿಗ್ರಿಯಂತೆ ಏರಿಸಿ, 573ರ ಹತ್ತಿರ ಇನ್ನೂ ನಿಧಾನ. ಅಲ್ಲಿ ಮರಳಿನ ಹರಳು ಒಮ್ಮೆಗೇ ಹಿಗ್ಗುವುದರಿಂದ ಪಾತ್ರೆ ಸೀಳಬಹುದು. ಗಾಳಿಗಂಡಿ ತೆರೆದಿರಲಿ, ಸುಮಾರು 850ರವರೆಗೆ ಹೊಗೆಯಿಲ್ಲದ ಬೆಂಕಿ. ಈಗ ಮೈ, ಕೆನೆ ಎರಡೂ ಕೆಂಪು.

ಎರಡನೆಯದು: ಮೇಲಿನ ಗಂಡಿಯನ್ನು ಮುಚ್ಚಿ, ಹಸಿ ಸೌದೆ ಅಥವಾ ಒದ್ದೆ ಮರದಪುಡಿ ಹಾಕಿ ಹೊಗೆ ಕಟ್ಟಿಸಿ. ಆಮ್ಲಜನಕ ಸಿಗದ ಬೆಂಕಿ ಮಣ್ಣಿನೊಳಗಿನ ಕಬ್ಬಿಣದ ಆಕ್ಸೈಡಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಕೆಂಪು ಹೆಮಟೈಟ್ ಕಪ್ಪು ಮ್ಯಾಗ್ನಟೈಟ್ ಆಗುತ್ತದೆ, ಇಡೀ ಪಾತ್ರೆ ಬೂದು-ಕಪ್ಪು. ಹೊಗೆಯಲ್ಲೇ 920-945 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಹಿಡಿಯಿರಿ. ಇಷ್ಟರಲ್ಲಿ ನುಣುಪಾದ ಕೆನೆ ಕರಗಿ ಗಾಜಿನಂತೆ ಬೆಸೆದು ತನ್ನೊಳಗಿನ ಕಪ್ಪನ್ನು ಮುಚ್ಚಿಕೊಳ್ಳುತ್ತದೆ. ದಪ್ಪ ಕಣಗಳ ಮೈ ಮಾತ್ರ ತೂತುತೂತಾಗಿಯೇ ಉಳಿಯುತ್ತದೆ.

ಮೂರನೆಯದು: ಹೊಗೆ ಬಿಡದೆ 875ರ ಸುಮಾರಿಗೆ ಇಳಿಸಿ, ಆಗ ಗಂಡಿ ತೆರೆಯಿರಿ. ಗಾಳಿ ಮೈಯೊಳಕ್ಕೆ ನುಗ್ಗಿ ಅದನ್ನು ಮತ್ತೆ ಕೆಂಪು ಮಾಡುತ್ತದೆ, ಗಾಜಾದ ಕೆನೆಯೊಳಕ್ಕೆ ಮಾತ್ರ ಹೋಗಲಾರದು. ಐದೈದು ನಿಮಿಷಕ್ಕೆ ಒಂದು ಬಿಲ್ಲೆ ಎಳೆಯಿರಿ. ಮುರಿದಾಗ ಒಳಗೂ ಕೆಂಪಿದ್ದು ಮೇಲೆ ಕಪ್ಪು ಉಳಿದಿದ್ದರೆ ಎಲ್ಲ ಗಂಡಿ ಮುಚ್ಚಿ, ಮರುದಿನ ಬೆಳಿಗ್ಗೆಯವರೆಗೆ ಮುಟ್ಟಬೇಡಿ.

ಬ್ರಹ್ಮಗಿರಿ, ಮಸ್ಕಿಗಳ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಮಡಕೆ ಕಂಡವರಿಗೆ ಹೊಗೆಯ ಈ ಆಟ ಹೊಸದಲ್ಲ. ಅಲ್ಲಿ ಗಾಳಿ ತಾಗದ ಒಳಮೈ, ಬಾಯಿಯ ಸುತ್ತು ಕಪ್ಪಾಗಿ ಉಳಿದ ಭಾಗ ಕೆಂಪಾಯಿತು. ಅಥೆನ್ಸಿನವರು ಅದೇ ಭೇದವನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಸಾಧಿಸಿದರು.

ಕೆಟ್ಟಾಗ ಓದುವುದು

ಆವಿಗೆ ಕೆಡಿಸುವ ಭೂತಗಳಿಗೆ ಗ್ರೀಕರು ಹೆಸರನ್ನೇ ಇಟ್ಟಿದ್ದರು: ಸಿಂಟ್ರಿಪ್ಸ್, ಸ್ಮಾರಗೋಸ್, ಆಸ್ಬೆಟೋಸ್, ಸಬಾಕ್ಟೆಸ್, ಓಮೋಡಮೋಸ್. ಒಡೆಯುವವನು, ಸಿಡಿಸುವವನು ಎಂಬಂಥ ಅರ್ಥಗಳು. ಹೆಚ್ಚಿನ ಭೂತಗಳಿಗೆ ಕಾರಣ ಸಿಗುತ್ತದೆ.

ಕಪ್ಪಿನ ನಡುವೆ ಇಟ್ಟಿಗೆ ಬಣ್ಣದ ಮಚ್ಚೆ ಬಂದರೆ ಆ ಜಾಗಕ್ಕೆ ಹೊಗೆ ತಲುಪಿಲ್ಲ, ಅಥವಾ ಅಲ್ಲಿ ಕೆನೆ ತೆಳುವಾಗಿತ್ತು. ದುಂಡನೆಯ ಕೆಂಪು ಉಂಗುರವಿದ್ದರೆ ಇನ್ನೊಂದು ಪಾತ್ರೆಯ ಪಾದ ಅಲ್ಲಿ ಕೂತಿತ್ತು. ಒಂದರೊಳಗೊಂದು ಪೇರಿಸಿದ ಹಳೆಯ ಬಟ್ಟಲುಗಳಲ್ಲೂ ಇದು ಸಾಮಾನ್ಯ. ಕಪ್ಪು ಚೆನ್ನಾಗಿದ್ದು ಮೈ ಬೂದಾಗಿ ಉಳಿದರೆ ಮೂರನೇ ಹಂತ ಬೇಗ ಮುಗಿಸಿದ್ದೀರಿ. ಎಲ್ಲವೂ ಕೆಂಪಾದರೆ ಎರಡು ಕಾರಣ ಇರಬಹುದು, ಮುಂದಿನ ದಾರಿ ಅದರ ಮೇಲೆಯೇ ನಿಂತಿದೆ. ಕೆಂಪಾದ ಆಕೃತಿಯ ಮೇಲೆ ಒಂದು ಹನಿ ನೀರು ಬಿಡಿ. ಹೀರಿಕೊಂಡರೆ ಕೆನೆ ಇನ್ನೂ ಗಾಜಾಗಿಲ್ಲ, ಶಾಖ ಸಾಲಲಿಲ್ಲ. ಅದೇ ಪಾತ್ರೆಯನ್ನು 20-30 ಡಿಗ್ರಿ ಹೆಚ್ಚಿಗೆ ಏರಿಸಿ ಮತ್ತೆ ಮೂರೂ ಹಂತ ಸುಟ್ಟರೆ ಕಪ್ಪು ಬರುವ ಸಾಧ್ಯತೆಯಿದೆ. ಹನಿ ಮೇಲೇ ನಿಂತು ಕೆಂಪು ಮಿಂಚುತ್ತಿದ್ದರೆ ಹೊಗೆ ಕಟ್ಟುವ ಮೊದಲೇ ಕೆನೆ ಬೆಸೆದುಹೋಗಿದೆ, ಇನ್ನು ಅದರೊಳಕ್ಕೆ ಹೊಗೆ ಇಳಿಯದು. ಅದನ್ನು ಒಡೆದು, ಚೂರುಗಳನ್ನು ಮುಂದಿನ ಆವಿಗೆಯಲ್ಲಿ ಪಾತ್ರೆಗಳ ನಡುವೆ ಒತ್ತು ಕೊಡಲು ಇಟ್ಟುಕೊಳ್ಳಿ. ಮುಂದಿನ ಸಲ ಹೊಗೆಯನ್ನು 50 ಡಿಗ್ರಿ ಮೊದಲೇ ಶುರುಮಾಡಿ.